ಟಾರ್ಚ್ ಹಿಡಿಯೋದಾ, ಬೀಡಿ ಕಿಡಿ ನೋಡೋದಾ? ಟ್ಯಾಂಕಿನ ಮೇಲೆ ಬರುವ ರಾಕೆಟ್ ಗುರುತಿಸಲು ಯಾವ ಸೆನ್ಸರ್

ನೂರು ಮೀಟರ್ ದೂರದ ಪೊದೆಯಿಂದ ಯಾರೋ ಹೆಗಲ ಮೇಲಿಂದ ಬಿಡುವ ಟ್ಯಾಂಕ್ ನಾಶಕ ರಾಕೆಟ್ ಆರ್‌ಪಿಜಿ-7 ಹಾರಿಸಿದ ಅಂದುಕೊಳ್ಳಿ. ಕೊಳವೆ ಬಿಡುವಾಗ ಅದರ ವೇಗ ಸೆಕೆಂಡಿಗೆ 115 ಮೀಟರ್ ಆಸುಪಾಸು. ಹತ್ತು ಹನ್ನೊಂದು ಮೀಟರ್ ಸಾಗಿದ ಮೇಲೆ ಅದರ ರಾಕೆಟ್ ಮೋಟಾರ್ ಹತ್ತಿಕೊಳ್ಳುತ್ತದೆ, ವೇಗ 295ರ ಹತ್ತಿರ ಏರುತ್ತದೆ. ಒಟ್ಟು ನಿಮ್ಮ ವಾಹನಕ್ಕೆ ಸಿಗುವುದು ಸುಮಾರು ಅರ್ಧ ಸೆಕೆಂಡು. ಒಳಗೆ ಕೂತವರು ‘ಏನದು?’ ಅಂತ ತಿರುಗಿ ನೋಡುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಹಾಗಾಗಿ ನೋಡುವುದು, ಗುರುತು ಹಿಡಿಯುವುದು, ಮುಂದೇನು ಅಂತ ತೀರ್ಮಾನಿಸುವುದು ಎಲ್ಲವನ್ನೂ ಯಂತ್ರವೇ ಮಾಡಬೇಕು.

ಆ ಯಂತ್ರಕ್ಕೆ ಯಾವ ಕಣ್ಣು ಹಾಕಬೇಕು ಅಂತ ನನ್ನನ್ನು ಆಗಾಗ ಕೇಳುತ್ತಾರೆ. ಕಾಲೇಜು ಹುಡುಗರಿಗೆ ಪ್ರಾಜೆಕ್ಟ್ ಇರುತ್ತದೆ, ರಕ್ಷಣಾ ಸುದ್ದಿ ಓದುವ ಗೆಳೆಯರಿಗೆ ‘ಯಾವುದು ಬೆಸ್ಟ್’ ಅನ್ನುವ ಕುತೂಹಲ. ಎಲ್ಲರಿಗೂ ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ: ಎಚ್ಚರಿಕೆ ಸಿಕ್ಕ ಮೇಲೆ ನಿಮ್ಮ ವಾಹನ ಏನು ಮಾಡುತ್ತದೆ? ಹೊಗೆ ಬಿಡುತ್ತದಾ, ಬಂದೂಕು ತಿರುಗಿಸುತ್ತದಾ, ಬರುವ ರಾಕೆಟ್ಟನ್ನೇ ಗಾಳಿಯಲ್ಲಿ ಹೊಡೆದು ಹಾಕುತ್ತದಾ? ಇದಕ್ಕೆ ಉತ್ತರ ಇಲ್ಲದೆ ಸೆನ್ಸರ್ ಹೋಲಿಸುವುದು ಎಂದರೆ ಮದುವೆಗಾ ತಿಥಿಗಾ ಅಂತ ಕೇಳದೆ ಅಡುಗೆಯವರನ್ನು ಗೊತ್ತು ಮಾಡಿದ ಹಾಗೆ.

ಟಾರ್ಚ್ ಮತ್ತು ಬೀಡಿ

ಕತ್ತಲಲ್ಲಿ ಹೊಲದ ಕಡೆ ಹೋಗಿದ್ದೀರಿ. ಟಾರ್ಚ್ ಹಾಕಿದರೆ ಎದುರಿಗೆ ಇರೋದೆಲ್ಲ ಕಾಣುತ್ತದೆ, ಆದರೆ ನೀವು ಎಲ್ಲಿದ್ದೀರಿ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಟಾರ್ಚ್ ಆರಿಸಿ ಸುಮ್ನೆ ನಿಂತರೆ ದೂರದ ಬದುವಿನ ಮೇಲೆ ಯಾರೋ ಎಳೆಯುತ್ತಿರುವ ಬೀಡಿಯ ಕಿಡಿ ಕಾಣುತ್ತದೆ. ಅವನಿಗೆ ನೀವು ಕಾಣೋದಿಲ್ಲ. ರಾಡಾರ್ ಅಂದರೆ ಟಾರ್ಚ್. ಪ್ಯಾಸಿವ್ ಇನ್‌ಫ್ರಾರೆಡ್ ಅಂದರೆ ಬೀಡಿ ಕಿಡಿ ನೋಡುವುದು. ತಾನು ಏನನ್ನೂ ಕಳಿಸುವುದಿಲ್ಲ, ಎದುರಿನ ವಸ್ತುವಿನ ಶಾಖವನ್ನು ಮಾತ್ರ ನೋಡುತ್ತದೆ.

ರಾಡಾರಿನ ದೊಡ್ಡ ಗುಣ ಅಂದರೆ ಅದು ದೂರವನ್ನೂ ವೇಗವನ್ನೂ ನೇರವಾಗಿ ಅಳೆದು ಕೊಡುತ್ತದೆ. ಮಂಜು, ಧೂಳು, ಮಳೆ ಅದಕ್ಕೆ ಅಷ್ಟಾಗಿ ಅಡ್ಡಿಯಲ್ಲ. ಬರುವ ರಾಕೆಟ್ಟನ್ನು ಗಾಳಿಯಲ್ಲೇ ಹೊಡೆಯುವ ವ್ಯವಸ್ಥೆಗಳು ಮೊದಲಿನಿಂದಲೂ ರಾಡಾರನ್ನೇ ನಂಬಿರುವುದು ಇದಕ್ಕೇ. ಸೋವಿಯತ್ ದ್ರೋಜ್ದ್ 1980ರ ದಶಕದಲ್ಲಿ ಟಿ-55 ಟ್ಯಾಂಕಿನ ಮೇಲೆ ಬಂದಾಗಲೇ ಅದಕ್ಕೆ ರಾಡಾರ್ ಇತ್ತು. ಇಸ್ರೇಲಿನ ಟ್ರೋಫಿಗೆ ಎಲ್ಟಾ ಕಂಪನಿಯ ವಿಂಡ್‌ಗಾರ್ಡ್ ರಾಡಾರ್, ನಾಲ್ಕು ದಿಕ್ಕಿಗೆ ನಾಲ್ಕು ಚಪ್ಪಟೆ ಫಲಕ. 2011ರ ಮಾರ್ಚ್ 1ರಂದು ಗಾಜಾ ಗಡಿಯ ಹತ್ತಿರ ಮೆರ್ಕಾವಾ-4 ಟ್ಯಾಂಕಿನ ಮೇಲೆ ಹಾರಿಸಿದ ಆರ್‌ಪಿಜಿಯನ್ನು ಅದು ಹೊಡೆದು ಹಾಕಿತು. ನಿಜವಾದ ಕಾಳಗದಲ್ಲಿ ಟ್ರೋಫಿ ಕೆಲಸ ಮಾಡಿದ್ದು ಅದೇ ಮೊದಲು.

ಯಾಕೆ ರಾಡಾರೇ ಬೇಕಾಯಿತು? ಸೆಕೆಂಡಿಗೆ 300 ಮೀಟರ್ ಬರುವ ವಸ್ತುವನ್ನು ಹೊಡೆಯುವಾಗ ಒಂದು ಮಿಲಿಸೆಕೆಂಡ್ ಹೆಚ್ಚು ಕಡಿಮೆ ಆದರೆ 30 ಸೆಂಟಿಮೀಟರ್ ತಪ್ಪಿತು ಅಂತಲೇ ಲೆಕ್ಕ. ದೂರ ಗೊತ್ತಿಲ್ಲದೆ ಇಷ್ಟು ನಿಖರವಾಗಿ ಹೊಡೆಯೋಕೆ ಆಗುತ್ತದಾ? ಆಗುವುದಿಲ್ಲ.

ರಾಡಾರಿನ ಕೆಟ್ಟ ಗುಣ ಆಗಲೇ ಹೇಳಿದೆ, ಅದು ಕೂಗುತ್ತದೆ. ಎದುರಾಳಿಯ ಹತ್ತಿರ ರೇಡಿಯೋ ಅಲೆ ಹುಡುಕುವ ಉಪಕರಣ ಇದ್ದರೆ ಟ್ಯಾಂಕ್ ಎಲ್ಲಿ ಅವಿತಿದೆ ಅಂತ ಹೇಳಿಕೊಡುವುದು ಅದರ ರಾಡಾರೇ. ಜಾಮ್ ಮಾಡುವ ಭಯವೂ ಇದೆ.

ಶಾಖದ ಕಣ್ಣಿನಲ್ಲೂ ಎರಡು ಜಾತಿ

ಇನ್‌ಫ್ರಾರೆಡ್ ಅಂದರೆ ನಾವು ಶಾಲೆಯಲ್ಲಿ ಅವಗೆಂಪು ಅಂತ ಓದಿದ್ದು. ಅಪಾರ್ಟ್‌ಮೆಂಟಿನ ಮೆಟ್ಟಿಲ ಹತ್ತಿರ ನಾವು ಹೋದ ತಕ್ಷಣ ಹತ್ತಿಕೊಳ್ಳುವ ಲೈಟಿನಲ್ಲಿ ಇರುವುದೂ ಪ್ಯಾಸಿವ್ ಇನ್‌ಫ್ರಾರೆಡ್ಡೇ, ಅದಕ್ಕೇ ಅದನ್ನು ಪಿಐಆರ್ ಸೆನ್ಸರ್ ಅನ್ನುವುದು. ಬೆಕ್ಕು ಹೋದರೂ ಲೈಟ್ ಹತ್ತುತ್ತದೆ ಅಲ್ವಾ? ಈ ಬೆಕ್ಕಿನ ಸಮಸ್ಯೆ ಟ್ಯಾಂಕಿಗೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಗಾಳಿ ಎಲ್ಲಾ ಅವಗೆಂಪು ಬೆಳಕನ್ನೂ ಬಿಡುವುದಿಲ್ಲ. ಮುಖ್ಯವಾಗಿ ಎರಡು ಕಿಟಕಿ ತೆರೆದಿವೆ. ಬೆಳಕಿನ ಅಲೆಯುದ್ದದ ಲೆಕ್ಕದಲ್ಲಿ ಒಂದು 3ರಿಂದ 5 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಇನ್ನೊಂದು 8ರಿಂದ 12 ಮೈಕ್ರಾನ್. ನಡುವಿನದನ್ನು ಗಾಳಿಯ ನೀರಾವಿ ನುಂಗಿಬಿಡುತ್ತದೆ. ನಮ್ಮ ಮೈ, ಮರ, ಮಣ್ಣು ಇಂಥ ಮಾಮೂಲಿ ಶಾಖದ ವಸ್ತುಗಳು ಜಾಸ್ತಿ ಹೊಳೆಯುವುದು 10 ಮೈಕ್ರಾನ್ ಹತ್ತಿರ. ಉರಿಯುವ ರಾಕೆಟ್ಟಿನ ಬೆಂಕಿ ಇದಕ್ಕಿಂತ ತುಂಬಾ ಬಿಸಿ, ಅದು 3ರಿಂದ 5ರ ಕಿಟಕಿಯಲ್ಲಿ ಕಣ್ಣು ಕುಕ್ಕುತ್ತದೆ. ಅದರಲ್ಲೂ ಬೆಂಕಿಯಲ್ಲಿರುವ ಬಿಸಿ ಕಾರ್ಬನ್ ಡೈಆಕ್ಸೈಡ್ 4.3 ಮೈಕ್ರಾನ್ ಆಸುಪಾಸಿನಲ್ಲಿ ಜೋರಾಗಿ ಬೆಳಗುತ್ತದೆ. ತಮಾಷೆ ಏನೆಂದರೆ ದಾರಿಯಲ್ಲಿರುವ ಗಾಳಿಯ ತಣ್ಣನೆಯ ಕಾರ್ಬನ್ ಡೈಆಕ್ಸೈಡ್ ಅದೇ ಬೆಳಕಿನ ನಡುಭಾಗವನ್ನು ತಿಂದುಹಾಕುತ್ತದೆ. ಬಿಸಿ ಅನಿಲದ ಪಟ್ಟಿ ಅಗಲವಾಗಿರುವುದರಿಂದ ಎರಡು ಅಂಚು ಉಳಿಯುತ್ತವೆ, ಸೆನ್ಸರ್ ಹಿಡಿಯುವುದು ಆ ಅಂಚುಗಳನ್ನು.

ಈಗ ಆಯ್ಕೆಯ ವಿಷಯ. 8–12 ಮೈಕ್ರಾನಿಗೆ ತಣ್ಣಗೆ ಮಾಡಬೇಕಿಲ್ಲದ ಮೈಕ್ರೊಬೊಲೊಮೀಟರ್ ಕ್ಯಾಮೆರಾ ಸಿಗುತ್ತದೆ. ಚಿಕ್ಕದು, ಕರೆಂಟ್ ಕಡಿಮೆ ತಿನ್ನುತ್ತದೆ, ಬೆಲೆಯೂ ಕೈಗೆಟುಕುವಂಥದ್ದು. ಹೊಸಬರು ಸೀದಾ ಇದನ್ನೇ ಆರಿಸುತ್ತಾರೆ. ಅಲ್ಲೇ ಎಡವುವುದು. ಇದರ ಪ್ರತಿ ಪಿಕ್ಸೆಲ್ ಕೂಡ ಬಿಸಿಯಾಗಿ ತಣ್ಣಗಾಗಬೇಕಾದ ಒಂದು ಪುಟ್ಟ ಹಾಳೆ, ಅದಕ್ಕೆ ಸುಮಾರು 10 ಮಿಲಿಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಆರ್‌ಪಿಜಿ 3 ಮೀಟರ್ ಮುಂದೆ ಬಂದಿರುತ್ತದೆ. ಸೆಕೆಂಡಿಗೆ 1,600 ಮೀಟರ್ ಬರುವ ಟ್ಯಾಂಕಿನ ಬಾಣದಂಥ ಗುಂಡಾದರೆ 16 ಮೀಟರ್. ಫ್ರೇಮ್ ಲೆಕ್ಕದಲ್ಲಿ ನೋಡಿದರೆ ಇನ್ನೂ ಬೇಜಾರು. ಇದು ನಿಜವಾದ ಅಪಾಯವೇ ಅಂತ ಖಾತ್ರಿ ಮಾಡಿಕೊಳ್ಳಲು ಕನಿಷ್ಠ ಮೂರು ಫ್ರೇಮ್ ಬೇಕು ಅಂದುಕೊಂಡರೆ, ಸೆಕೆಂಡಿಗೆ 60 ಫ್ರೇಮ್ ಕೊಡುವ ಕ್ಯಾಮೆರಾಕ್ಕೆ 50 ಮಿಲಿಸೆಕೆಂಡ್ ಬೇಕು, ರಾಕೆಟ್ ಸುಮಾರು 15 ಮೀಟರ್ ಹತ್ತಿರ ಬಂತು. 400 ಫ್ರೇಮ್ ಕೊಡುವ ಕ್ಯಾಮೆರಾಕ್ಕೆ ಏಳೂವರೆ ಮಿಲಿಸೆಕೆಂಡ್, ಎರಡು ಮೀಟರ್ ಚಿಲ್ಲರೆ.

ಅಂಥ ವೇಗ ಬೇಕಾದರೆ ತಣ್ಣಗಿಟ್ಟ ಸೆನ್ಸರ್ ಬೇಕು. ಇಂಡಿಯಂ ಆಂಟಿಮೊನೈಡ್ ಅಥವಾ ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಲುರೈಡ್‌ನಿಂದ ಮಾಡಿದ ಇವನ್ನು ಸಾಂಪ್ರದಾಯಿಕವಾಗಿ 77 ಕೆಲ್ವಿನ್, ಅಂದರೆ ಮೈನಸ್ 196 ಡಿಗ್ರಿಗೆ ಇಳಿಸಿ ಓಡಿಸುತ್ತಾರೆ. ಒಳಗೆ ಒಂದು ಪುಟಾಣಿ ಸ್ಟರ್ಲಿಂಗ್ ಕೂಲರ್ ಗುಂಯ್ ಅಂತ ಓಡುತ್ತಲೇ ಇರುತ್ತದೆ. ಸ್ವಿಚ್ ಹಾಕಿದ ತಕ್ಷಣ ಚಿತ್ರ ಬರುವುದಿಲ್ಲ, ಕೆಲವು ನಿಮಿಷ ಕಾಯಬೇಕು. ಕೂಲರ್ ಸವೆಯುತ್ತದೆ, ಬೆಲೆ ಎಷ್ಟೋ ಪಟ್ಟು ಜಾಸ್ತಿ. ಈಚೆಗೆ 120ರಿಂದ 150 ಕೆಲ್ವಿನ್‌ನಲ್ಲೇ ಓಡುವ ಸೆನ್ಸರ್‌ಗಳು ಬಂದು ಕೂಲರಿನ ಹೊರೆ ಸ್ವಲ್ಪ ಇಳಿದಿದೆ. ಆದರೂ ಒಂದು ವಾಹನದ ಸುತ್ತ ನಾಲ್ಕು ಕಣ್ಣು, ಮೇಲಕ್ಕೆ ಇನ್ನೊಂದೆರಡು ಅಂತ ಲೆಕ್ಕ ಹಾಕಿದರೆ ಖರೀದಿ ವಿಭಾಗದವರ ಮುಖ ಬಾಡುವುದು ಖಂಡಿತ.

ವೇಗದ ಅಪಾಯ ಹಿಡಿಯಬೇಕಿದ್ದರೆ ತಣ್ಣಗಿಟ್ಟ 3–5 ಮೈಕ್ರಾನ್ ಸೆನ್ಸರೇ ಬೇಕು, ಇದರಲ್ಲಿ ನನಗೆ ಅನುಮಾನ ಇಲ್ಲ. ಅಗ್ಗದ ಕ್ಯಾಮೆರಾವನ್ನು ಡ್ರೈವರಿಗೆ ರಾತ್ರಿ ದಾರಿ ತೋರಿಸಲು ಇಟ್ಟುಕೊಳ್ಳಿ, ಆ ಕೆಲಸಕ್ಕೆ ಅದು ಚಿನ್ನ.

ನೇರಳಾತೀತ: ಹಗಲಲ್ಲೂ ಕತ್ತಲಾಗಿರುವ ಪಟ್ಟಿ

ಮೂರನೇ ಆಯ್ಕೆಯನ್ನು ಬಹಳ ಜನ ಮರೆಯುತ್ತಾರೆ. ಸೂರ್ಯನ ಬೆಳಕಿನಲ್ಲಿ ಸುಮಾರು 280 ನ್ಯಾನೊಮೀಟರಿಗಿಂತ ಕೆಳಗಿನ ನೇರಳಾತೀತವನ್ನು ಮೇಲಿನ ಓಝೋನ್ ಪದರ ತಡೆದುಬಿಡುತ್ತದೆ. ಹಾಗಾಗಿ ಆ ಪಟ್ಟಿಯಲ್ಲಿ ನೋಡಿದರೆ ಮಟಮಟ ಮಧ್ಯಾಹ್ನವೂ ಅಮಾವಾಸ್ಯೆ. ಅಲ್ಲಿ ಏನಾದರೂ ಮಿನುಗಿತು ಅಂದರೆ ಅದು ರಾಕೆಟ್ಟಿನ ಉರಿಯೋ, ವೆಲ್ಡಿಂಗ್ ಕಿಡಿಯೋ, ಹೈ ಟೆನ್ಷನ್ ಲೈನಿನ ಕೊರೋನಾವೋ (ತಂತಿಯ ಸುತ್ತ ವಿದ್ಯುತ್ ಸೋರಿ ಮಿನುಗುವುದು) ಆಗಿರಬೇಕು. ಸುಳ್ಳು ಎಚ್ಚರಿಕೆ ಕಡಿಮೆ, ಕೂಲರಿನ ರಗಳೆ ಇಲ್ಲ. ಅಮೆರಿಕದ ಹೆಲಿಕಾಪ್ಟರ್‌ಗಳ ಎಎನ್/ಎಎಆರ್-47 ಹೀಗೇ ಕೆಲಸ ಮಾಡುತ್ತದೆ. ನೆಲದ ಮೇಲೆ ಜರ್ಮನಿಯ ಪೂಮಾ ವಾಹನದ ಮಸ್ ವ್ಯವಸ್ಥೆಯಲ್ಲೂ ನೇರಳಾತೀತ ಕಣ್ಣು ಮತ್ತು ಶತ್ರು ಗುರಿಯಿಡಲು ಹಾಕುವ ಲೇಸರ್ ಹಿಡಿಯುವ ಕಣ್ಣು ಒಟ್ಟಿಗೆ ಇವೆ.

ಆದರೆ ಉರಿ ಆರಿತೋ, ಇದು ಕುರುಡು. ಮೋಟಾರ್ ಮುಗಿದು ಸುಮ್ನೆ ತೇಲಿಕೊಂಡು ಬರುವ ರಾಕೆಟ್, ಮೋಟಾರೇ ಇಲ್ಲದ ಗುಂಡು ಇದಕ್ಕೆ ಕಾಣುವುದಿಲ್ಲ. ಹೊಗೆ ಕಡಿಮೆ ಬರುವ ಹೊಸ ಮದ್ದುಗಳು ನೇರಳಾತೀತವನ್ನೂ ಕಡಿಮೆ ಬಿಡುತ್ತವೆ. ಇಲ್ಲಿ ಇನ್‌ಫ್ರಾರೆಡ್ ಗೆಲ್ಲುತ್ತದೆ, ಯಾಕೆಂದರೆ ಗಾಳಿಯ ಒತ್ತಡಕ್ಕೇ ವಸ್ತುವಿನ ಮೂತಿ ಬಿಸಿಯಾಗುತ್ತದೆ. ಆರ್‌ಪಿಜಿಯ ವೇಗಕ್ಕೆ ಮೂತಿಯ ತುದಿ ಸುತ್ತಲಿನ ಗಾಳಿಗಿಂತ 40 ಡಿಗ್ರಿ ಚಿಲ್ಲರೆ ಬಿಸಿಯಾಗಬಹುದು, ಅಷ್ಟೇ. ಟ್ಯಾಂಕಿನ ಗುಂಡಿನ ವೇಗಕ್ಕೆ ತುದಿಗೆ ಬಡಿಯುವ ಗಾಳಿ ಸಾವಿರ ಡಿಗ್ರಿ ದಾಟುತ್ತದೆ. ಅಂದರೆ ಅತಿ ವೇಗದ ಗುಂಡು ಇನ್‌ಫ್ರಾರೆಡ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಎರಡು ಕಿಲೋಮೀಟರ್ ದೂರದಿಂದ ಹೊಡೆದರೆ ಒಂದೂಕಾಲು ಸೆಕೆಂಡಿನಲ್ಲಿ ಬಂದು ತಲುಪುತ್ತದೆ ಅನ್ನುವುದು ಬೇರೆ ಮಾತು.

ನೀರಿನ ಟ್ಯಾಂಕಿಗೆ ಬಂದ ರಾಕೆಟ್

ಮೂರು ವರ್ಷದ ಹಿಂದೆ ದೀಪಾವಳಿಗೆ ನಮ್ಮ ತಾರಸಿಯಲ್ಲಿ ಒಂದು ಚಿಕ್ಕ ಥರ್ಮಲ್ ಕ್ಯಾಮೆರಾ ಇಟ್ಟು, ಚಿತ್ರದಲ್ಲಿ ಓಡಾಡುವ ಬಿಸಿ ಚುಕ್ಕೆಗಳನ್ನೆಲ್ಲ ಬೆನ್ನು ಹತ್ತುವ ಪ್ರೋಗ್ರಾಂ ಬರೆದಿದ್ದೆ. ರಾತ್ರಿಯಿಡೀ ನೂರಾರು ಗೆರೆ ಸಿಕ್ಕಿದವು, ನಾನು ಖುಷಿಯಾಗಿದ್ದೆ. ಎದುರು ಬೀದಿಯಲ್ಲಿ ಬಾಟಲಿ ವಾಲಿ ಒಂದು ರಾಕೆಟ್ ನೆಟ್ಟಗೆ ನಮ್ಮ ಕಡೆಗೇ ಬಂತು, ಕ್ಯಾಮೆರಾದ ಪಕ್ಕದ ಸಿಂಟೆಕ್ಸಿಗೆ ಬಡಿದು ಬಿತ್ತು. ಬೆಳಿಗ್ಗೆ ಫೈಲ್ ತೆಗೆದು ನೋಡಿದರೆ ನನ್ನ ಪ್ರೋಗ್ರಾಂ ಆ ರಾಕೆಟ್ಟನ್ನು ಬಿಟ್ಟೇ ಬಿಟ್ಟಿದೆ!

ಕಾರಣ ಸರಳ. ಪಕ್ಕಕ್ಕೆ ಹೋಗುವ ವಸ್ತು ಚಿತ್ರದಲ್ಲಿ ಓಡುತ್ತದೆ. ನಿಮ್ಮ ಮೇಲೇ ಬರುವ ವಸ್ತು ಚಿತ್ರದಲ್ಲಿ ನಿಂತಲ್ಲೇ ನಿಂತಿರುತ್ತದೆ, ಬರೀ ದೊಡ್ಡದಾಗುತ್ತದೆ, ಹೊಳಪು ಏರುತ್ತದೆ. ಹಡಗು ನಡೆಸುವವರಿಗೆ ಇದು ಹಳೆಯ ಪಾಠ: ಎದುರಿನ ಹಡಗು ಕಾಣುವ ದಿಕ್ಕು ಬದಲಾಗದೆ ಹತ್ತಿರ ಬರುತ್ತಿದ್ದರೆ ಡಿಕ್ಕಿ ಗ್ಯಾರಂಟಿ. ನಾನು ಓಡುವುದನ್ನು ಹುಡುಕಿದ್ದೆ, ಹುಡುಕಬೇಕಿದ್ದದ್ದು ನಿಂತು ಬೆಳೆಯುವುದನ್ನು.

ಪ್ಯಾಸಿವ್ ಸೆನ್ಸರಿನ ಮೂಲ ಕೊರತೆಯೂ ಇಲ್ಲೇ ಇದೆ. ಅದಕ್ಕೆ ದಿಕ್ಕು ಗೊತ್ತು, ದೂರ ಗೊತ್ತಿಲ್ಲ. ಹೊಳಪು ಏರುವ ರೀತಿಯಿಂದ ಅಂದಾಜು ಮಾಡಬಹುದು, ದೂರ ಅರ್ಧಕ್ಕೆ ಇಳಿದರೆ ಹೊಳಪು ನಾಲ್ಕು ಪಟ್ಟು. ಆದರೆ ರಾಕೆಟ್ಟಿನ ಬೆಂಕಿ ಒಂದೇ ಸಮ ಉರಿಯುವುದಿಲ್ಲ, ಅಂದಾಜು ತಲೆಕೆಳಗಾಗುತ್ತದೆ. ನಮ್ಮ ಎರಡು ಕಣ್ಣಿನ ಹಾಗೆ ಎರಡು ಕ್ಯಾಮೆರಾ ಇಡೋಣ ಅನ್ನುವವರಿಗೆ ಒಂದು ಲೆಕ್ಕ. ಎರಡು ಮೀಟರ್ ಅಂತರದಲ್ಲಿ ಎರಡು ಕ್ಯಾಮೆರಾ, ಒಂದೊಂದೂ 90 ಡಿಗ್ರಿಯನ್ನು 1,280 ಪಿಕ್ಸೆಲ್‌ನಲ್ಲಿ ನೋಡುತ್ತದೆ. ಒಂದೇ ಒಂದು ಪಿಕ್ಸೆಲ್ ತಪ್ಪಾದರೂ 200 ಮೀಟರ್ ದೂರದ ವಸ್ತುವಿನ ಅಳತೆಯಲ್ಲಿ 24 ಮೀಟರ್ ಎಡವಟ್ಟು. ಅದೇ 50 ಮೀಟರಿಗೆ ಬಂದಾಗ ತಪ್ಪು ಒಂದೂವರೆ ಮೀಟರಿಗೆ ಇಳಿಯುತ್ತದೆ, ಆದರೆ ಆಗ ಉಳಿದಿರುವ ಸಮಯ ಸೆಕೆಂಡಿನ ಆರನೇ ಒಂದು ಭಾಗ. ಟ್ಯಾಂಕ್ ಗುಂಡಿಗಳಲ್ಲಿ ಕುಣಿಯುತ್ತಾ ಹೋಗುವಾಗ ಆ ಎರಡು ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗದೆ ಇರಬೇಕು ಅನ್ನುವುದನ್ನೂ ಸೇರಿಸಿಕೊಳ್ಳಿ.

ಬೆಕ್ಕಿನ ಸಮಸ್ಯೆ

ಯುದ್ಧಭೂಮಿ ತುಂಬಾ ಬೆಂಕಿ. ಉರಿಯುವ ವಾಹನ, ಬಂದೂಕಿನ ಬಾಯಿಯ ಮಿಂಚು, ಸಿಡಿಯುವ ಗುಂಡು, ಗಾಜಿನ ಮೇಲೆ ಬಿದ್ದ ಬಿಸಿಲಿನ ಹೊಳಪು. ಪ್ರತಿಸಲವೂ ‘ತೋಳ ಬಂತು ತೋಳ’ ಅಂತ ಕೂಗಿದರೆ ಸಿಬ್ಬಂದಿ ಸ್ವಿಚ್ ಆರಿಸಿಬಿಡುತ್ತಾರೆ. ಹೊಡೆದುರುಳಿಸುವ ವ್ಯವಸ್ಥೆಯಾದರೆ ಇನ್ನೂ ಅಪಾಯ, ವಾಹನದ ಪಕ್ಕ ನಡೆಯುತ್ತಿರುವ ಸ್ವಂತ ಸೈನಿಕರಿಗೇ ಏಟು ಬೀಳಬಹುದು.

ಇದಕ್ಕೆ ಎರಡು ಬಣ್ಣದ ಸೆನ್ಸರ್ ಒಳ್ಳೆಯ ಮದ್ದು. 4 ಮೈಕ್ರಾನಿಗಿಂತ ಕೆಳಗಿನ ಒಂದು ಪಟ್ಟಿ, ಮೇಲಿನ ಒಂದು ಪಟ್ಟಿ, ಎರಡನ್ನೂ ಒಟ್ಟಿಗೆ ನೋಡಿ ಹೋಲಿಸುವುದು. ಬಿಸಿಲಿನ ಹೊಳಪಿಗೆ ಕೆಳಗಿನ ಪಟ್ಟಿಯಲ್ಲಿ ಜೋರು, ರಾಕೆಟ್ಟಿನ ಬೆಂಕಿಗೆ ಮೇಲಿನದರಲ್ಲಿ ಜೋರು. ಜೊತೆಗೆ ಸಮಯದ ಪರೀಕ್ಷೆ: ಬಂದೂಕಿನ ಮಿಂಚು ಕೆಲವೇ ಮಿಲಿಸೆಕೆಂಡಿನಲ್ಲಿ ಆರುತ್ತದೆ, ರಾಕೆಟ್ ಉರಿಯುತ್ತಲೇ ಇರುತ್ತದೆ. ಒಂದೇ ಬಣ್ಣದ ಸೆನ್ಸರ್ ಮಾರಲು ಬಂದವರು ‘ನಮ್ಮ ಸಾಫ್ಟ್‌ವೇರ್ ಎಲ್ಲಾ ನೋಡಿಕೊಳ್ಳುತ್ತೆ’ ಅಂದರೆ ಕೊಂಚ ಹುಷಾರಾಗಿರಿ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಪೂರ್ವ ಲಡಾಖಿಗೆ 2020ರಲ್ಲಿ ನಮ್ಮ ಟಿ-90, ಟಿ-72ಗಳು ಹೋದವಲ್ಲ, ಅಲ್ಲಿಯ ಒಣ ಗಾಳಿ, ತಣ್ಣನೆಯ ಆಕಾಶ ಶಾಖದ ಕಣ್ಣಿಗೆ ಹಬ್ಬ. ರಾಜಸ್ಥಾನದ ಮೇ ತಿಂಗಳಲ್ಲಿ ಮರಳೇ ಕಾದ ಹೆಂಚು, ಅದರ ಮುಂದೆ ಸುಮಾರಾಗಿ ಬಿಸಿಯಾದ ವಸ್ತು ಕರಗಿಹೋಗುತ್ತದೆ. ಮಂಗಳೂರಿನ ಮಳೆಗಾಲದಂಥ ತೇವದ ಗಾಳಿಯಲ್ಲಿ 8–12ರ ಕಿಟಕಿ ಮಂಕಾಗುತ್ತದೆ, 3–5 ಅದಕ್ಕಿಂತ ವಾಸಿ. ದಟ್ಟ ಮಂಜಿನಲ್ಲಿ ಎರಡೂ ಸೋಲುತ್ತವೆ. ಇನ್ನೊಂದು ಮಜಾ, ಇನ್‌ಫ್ರಾರೆಡ್ಡನ್ನೂ ಮುಚ್ಚುವ ಹೊಗೆಯನ್ನು ನಿಮ್ಮ ವಾಹನವೇ ಬಿಟ್ಟರೆ ಮೊದಲು ಕುರುಡಾಗುವುದು ನಿಮ್ಮದೇ ಸೆನ್ಸರ್.

ಹಾಗಾದ್ರೆ ಯಾವುದು?

ಎಚ್ಚರಿಕೆ ಸಿಕ್ಕರೆ ಸಾಕು, ಹೊಗೆ ಬಿಟ್ಟು ಜಾಗ ಬದಲಿಸುತ್ತೇವೆ ಅನ್ನುವ ವಾಹನಕ್ಕೆ ರಾಡಾರ್ ದಂಡ. ಕೊಂಕುರ್ಸ್‌ನಂಥ ತಂತಿ ಕ್ಷಿಪಣಿ (ಹಿಂದೆ ಬಿಚ್ಚಿಕೊಳ್ಳುವ ತಂತಿಯಿಂದ ದಾರಿ ತಿಳಿಯುವಂಥದ್ದು) ಸೆಕೆಂಡಿಗೆ 200 ಮೀಟರ್ ಆಸುಪಾಸಿನಲ್ಲಿ ಬರುತ್ತದೆ, ನಾಲ್ಕು ಕಿಲೋಮೀಟರ್ ದೂರದಿಂದ ಬಿಟ್ಟರೆ ಹತ್ತಿರ ಹತ್ತಿರ 20 ಸೆಕೆಂಡು ಸಿಗುತ್ತದೆ. ಅಷ್ಟು ಹೊತ್ತಿನಲ್ಲಿ ದಿಕ್ಕು ಗೊತ್ತಾದರೆ ಸಾಲದೇ? ಇಲ್ಲಿ ನೇರಳಾತೀತ ಅಥವಾ ಎರಡು ಬಣ್ಣದ ಇನ್‌ಫ್ರಾರೆಡ್, ಜೊತೆಗೆ ಲೇಸರ್ ಎಚ್ಚರಿಕೆ. ಲೇಸರ್ ಒಂದನ್ನೇ ನಂಬಬೇಡಿ. ಜಾವೆಲಿನ್ ಕ್ಷಿಪಣಿ ತಾನೇ ಶಾಖ ನೋಡಿಕೊಂಡು ಬರುತ್ತದೆ, ಅದು ಲೇಸರ್ ಹಾಕುವುದೇ ಇಲ್ಲ. ಸಾಲದ್ದಕ್ಕೆ ಟ್ಯಾಂಕಿನ ನೆತ್ತಿಯ ಮೇಲಿಂದ ಎರಗುತ್ತದೆ, ಹಾಗಾಗಿ ಮೇಲಕ್ಕೆ ನೋಡದ ಸೆನ್ಸರ್ ಯಾವ ಜಾತಿಯದಾದರೂ ಅರ್ಧ ಸೆನ್ಸರ್.

ಗುಂಡು ಯಾವ ಕಡೆಯಿಂದ ಬಂತು ಅಂತ ತಿಳಿದು ತಿರುಗಿ ಹೊಡೆಯಲು ಮಾತ್ರ ಬೇಕೇ? ಟ್ರಕ್ಕಿಗೆ, ಜೀಪಿಗೆ ಮೈಕ್ರೊಫೋನ್‌ಗಳಿಂದ ಕೇಳಿ ದಿಕ್ಕು ಹೇಳುವ ವ್ಯವಸ್ಥೆ ಅಗ್ಗಕ್ಕೆ ಆಗುತ್ತದೆ. ಅಮೆರಿಕದವರು ಇರಾಕಿನಲ್ಲಿ ಬೂಮರಾಂಗ್ ಅನ್ನುವುದನ್ನು ಹೀಗೇ ಬಳಸಿದರು. ರಾಕೆಟ್ ತಡೆಯುವ ಕೆಲಸಕ್ಕೆ ಇದು ಬಾರದು.

ಹೊಡೆದೇ ಉರುಳಿಸಬೇಕು ಅಂದರೆ ರಾಡಾರ್ ಇರಲೇಬೇಕು. ಆದರೆ ಅದು ಯಾವಾಗಲೂ ಕೂಗುತ್ತಿರಬೇಕಾಗಿಲ್ಲ. ಪ್ಯಾಸಿವ್ ಕಣ್ಣು ಸದಾ ತೆರೆದಿರಲಿ, ಅದು ‘ಆ ಮೂಲೆಯಲ್ಲಿ ಬೆಂಕಿ’ ಅಂದ ಮೇಲೆ ಆ ಕಡೆಯ ರಾಡಾರ್ ಎದ್ದು ದೂರ ಅಳೆಯಲಿ. ಬೀಡಿ ಕಿಡಿ ಕಂಡ ಮೇಲೆ ಟಾರ್ಚ್ ಹಾಕುವುದು. ಇಸ್ರೇಲಿನ ಐರನ್ ಫಿಸ್ಟಿಗೆ ರಾಡಾರಿನ ಜೊತೆ ಪ್ಯಾಸಿವ್ ಇನ್‌ಫ್ರಾರೆಡ್ ಸೆನ್ಸರನ್ನೂ ಸೇರಿಸಿಕೊಳ್ಳಬಹುದು, ರಷ್ಯದ ಟಿ-14 ಟ್ಯಾಂಕಿನ ಅಫ್ಗಾನಿತ್‌ನಲ್ಲಿ ರಾಡಾರ್ ಜೊತೆ ನೇರಳಾತೀತ ಸೆನ್ಸರ್ ಇದೆ. ದುಡ್ಡಿದ್ದರೆ ನಾನು ಆರಿಸುವುದು ಈ ಜೋಡಿಯನ್ನೇ. ನಮ್ಮಲ್ಲಿ ರಾಡಾರ್ ಮಾಡುವ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿದೆ, ವಿಮಾನಗಳ ಎಲೆಕ್ಟ್ರಾನಿಕ್ ರಕ್ಷಣೆ ನೋಡುವ ಡೇರ್ ಕೂಡ ಅಲ್ಲೇ. ಥರ್ಮಲ್ ಕಣ್ಣಿನ ಐಆರ್‌ಡಿಇ ಡೆಹ್ರಾಡೂನಿನಲ್ಲಿ, ಅರ್ಜುನ್ ಟ್ಯಾಂಕಿನ ಸಿವಿಆರ್‌ಡಿಇ ಚೆನ್ನೈ ಪಕ್ಕದ ಆವಡಿಯಲ್ಲಿ. ಸೆನ್ಸರ್ ಜೋಡಿಸುವುದರಲ್ಲಿ ರೈಲು ಟಿಕೆಟ್ ಬುಕ್ ಮಾಡುವುದೂ ಸೇರುತ್ತದೆ ಅಂತ ತಮಾಷೆ ಮಾಡಬಹುದು.

ಇಷ್ಟೆಲ್ಲ ಲೆಕ್ಕ ರಾಕೆಟ್ಟಿಗೆ. ಈಗ ಉಕ್ರೇನಿನಲ್ಲಿ ಟ್ಯಾಂಕುಗಳನ್ನು ಕಾಡುತ್ತಿರುವುದು ಬ್ಯಾಟರಿಯಲ್ಲಿ ಓಡುವ, ಅದರ ಕ್ಯಾಮೆರಾದ ಚಿತ್ರ ನೋಡಿಕೊಂಡೇ ನಡೆಸುವ ಚಿಕ್ಕ ಎಫ್‌ಪಿವಿ ಡ್ರೋನ್. ಅದರಲ್ಲಿ ಉರಿ ಇಲ್ಲ, ನೇರಳಾತೀತ ಕಣ್ಣಿಗೆ ಸೊನ್ನೆ. ನಿಧಾನವಾಗಿ ಬರುತ್ತದೆ, ಹಕ್ಕಿಗಳನ್ನು ಬಿಟ್ಟುಬಿಡು ಅಂತ ಹೇಳಿಕೊಟ್ಟ ರಾಡಾರ್ ಅದನ್ನೂ ಬಿಟ್ಟುಬಿಡಬಹುದು. ವೇಗ ಕಡಿಮೆ ಆದ್ದರಿಂದ ಮೇಲೆ ನಾನು ಬೈದ ಅಗ್ಗದ 8–12ರ ಕ್ಯಾಮೆರಾಕ್ಕೆ ಇಲ್ಲಿ ಮತ್ತೆ ಬೆಲೆ ಬರುತ್ತದೆ. ಪಕ್ಕದ ಮನೆ ಹುಡುಗನ ಹತ್ತಿರ ಒಂದು ಪುಟ್ಟ ಡ್ರೋನ್ ಇದೆ. ಸಂಜೆ ಅವನು ಹಾರಿಸುವಾಗ ನನ್ನ ಹಳೇ ದೀಪಾವಳಿ ಕ್ಯಾಮೆರಾ ಹಿಡಿದು ನೋಡಿದೆ. ತಣ್ಣನೆಯ ಆಕಾಶದ ಮುಂದೆ ನಾಲ್ಕು ಮೋಟಾರೂ, ಬ್ಯಾಟರಿಯೂ ಬೆಳ್ಳಗೆ ಮಿನುಗುತ್ತಿದ್ದವು. ಅದು ಸ್ವಲ್ಪ ಕೆಳಗಿಳಿದು ಎದುರುಮನೆಯ ಗೋಡೆಯ ಮುಂದೆ ಬಂತು. ಆ ಗೋಡೆ ದಿನವಿಡೀ ಬಿಸಿಲು ಕುಡಿದಿತ್ತು. ಚುಕ್ಕೆ ಮಾಯ. ಮತ್ತೆ ನನ್ನ ತಲೆಯ ಮೇಲೆ ಗುಂಯ್ ಅಂದಾಗಲೇ ಗೊತ್ತಾಗಿದ್ದು.